ಶಿಶುವಿಹಾರದ ಮೊದಲ ದಿನಗಳು

ಮನುಷ್ಯನ ಬಾಳಿನಲ್ಲಿ ಅಗಲಿಕೆಗಳು ಅನೇಕ. ಓದಿಗಾಗಿ ಊರು ಬಿಡುವುದುಂಟು. ಉದ್ಯೋಗಕ್ಕಾಗಿ ಮನೆ ಬಿಡುವುದುಂಟು. ಮದುವೆಯಾದ ಮಗಳು ತವರನ್ನು ಬಿಡುವುದುಂಟು. ಇವೆಲ್ಲಕ್ಕೂ ಮೊದಲು ಬರುವ ಒಂದು ಅಗಲಿಕೆಯನ್ನು ಮಾತ್ರ ನಾವು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡೂವರೆ ಮೂರು ವರ್ಷದ ಕೂಸು ತಾಯಿಯ ಸೆರಗು ಬಿಟ್ಟು ಶಿಶುವಿಹಾರದ ಹೊಸ್ತಿಲು ದಾಟುವುದೇ ಆ ಅಗಲಿಕೆ. ದೊಡ್ಡವರಿಗೆ ತಾವು ಏಕೆ ಅಗಲುತ್ತಿದ್ದೇವೆಂಬುದು ತಿಳಿದಿರುತ್ತದೆ. ಮತ್ತೆ ಎಂದು ಕೂಡುವೆವೆಂಬುದೂ ಬಹುಮಟ್ಟಿಗೆ ತಿಳಿದಿರುತ್ತದೆ. ಈ ಕೂಸಿಗೆ ಎರಡೂ ತಿಳಿಯದು.

ಆದ್ದರಿಂದ ಅದು ಅಳುತ್ತದೆ. ಆ ಅಳುವನ್ನು ಕಂಡು ಹಿರಿಯರು ಆಡುವ ಮಾತುಗಳು ಎಲ್ಲ ಊರುಗಳಲ್ಲಿಯೂ ಹೆಚ್ಚು ಕಡಮೆ ಒಂದೇ. “ಎಲ್ಲಾ ಹಟ, ನಾಲ್ಕು ದಿನ ಅತ್ತು ತಾನೇ ಸುಮ್ಮನಾಗುತ್ತೆ” ಎಂಬುದು ಒಂದು. “ಮುದ್ದು ಮಾಡಿ ಕೆಡಿಸಿದ್ದೀರಿ” ಎಂಬುದು ಎರಡನೆಯದು. “ಮಗು ಆಡ್ತಾ ಇರುವಾಗ ಕಣ್ತಪ್ಪಿಸಿ ಹೊರಟುಬಿಡಮ್ಮ” ಎಂಬುದು ಮೂರನೆಯದು. ಈ ಮೂರು ಮಾತುಗಳು ಎಷ್ಟರಮಟ್ಟಿಗೆ ಸರಿ ಎಂಬುದನ್ನು ಮನಶ್ಶಾಸ್ತ್ರದ ಬೆಳಕಿನಲ್ಲಿ ಪರೀಕ್ಷಿಸುವುದೇ ಈ ಲೇಖನದ ಉದ್ದೇಶ.

ಶಾಲೆಗೆ ಮುಂಚಿನ ಶಾಲೆಯೆಂಬ ಕಲ್ಪನೆ ಬಹಳ ಹಳೆಯದಲ್ಲ. ಜರ್ಮನಿಯ ಫ್ರೋಬೆಲ್ ಅವರು 1837ರಲ್ಲಿ ಬಾಡ್ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್, ಅಂದರೆ ಮಕ್ಕಳ ತೋಟ, ಎಂದು ಹೆಸರಿಟ್ಟರು. 1907ರಲ್ಲಿ ಮಾರಿಯಾ ಮಾಂಟೆಸ್ಸೋರಿ ಅವರು ರೋಮ್ ನಗರದ ಬಡವರ ಕೇರಿಯೊಂದರಲ್ಲಿ ‘ಮಕ್ಕಳ ಮನೆ’ಯನ್ನು ಆರಂಭಿಸಿದರು. ನಮ್ಮ ದೇಶದಲ್ಲಿ ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಸ್ಥಾಪಿಸಿದರು. ಈ ಮಹನೀಯರು ಮುಖ್ಯವಾಗಿ ಚಿಂತಿಸಿದ್ದು, ಒಳಗೆ ಬಂದ ಮಗು ಏನು ಮಾಡಬೇಕು, ಹೇಗೆ ಕಲಿಯಬೇಕು ಎಂಬುದನ್ನು. ಮಗು ಒಳಗೆ ಬರುವ ಆ ಗಳಿಗೆಯಲ್ಲಿ ಅದರ ಮನಸ್ಸಿನಲ್ಲಿ ನಡೆಯುವುದೇನು ಎಂಬ ವಿಚಾರ ವಿಸ್ತಾರವಾಗಿ ಬೆಳೆದದ್ದು ಎರಡನೆಯ ಮಹಾಯುದ್ಧದ ಅನಂತರ. ಇಂಗ್ಲೆಂಡಿನ ಮನೋವೈದ್ಯ ಜಾನ್ ಬೌಲ್ಬಿ ಅವರು ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ಬರೆದ ವರದಿ ಈ ವಿಚಾರಕ್ಕೆ ಬುನಾದಿ ಹಾಕಿತು.

ಈಗ ಮೊದಲನೆಯ ಮಾತನ್ನು ನೋಡೋಣ. ಮಗುವಿನ ಅಳು ಹಟವೇ? ಹಟವೆಂದರೆ ಒಂದು ವಸ್ತು ಬೇಕೆಂದು ಕಾಡುವುದು. ಇಲ್ಲಿ ಮಗು ಬೇಡುತ್ತಿರುವುದು ವಸ್ತುವನ್ನಲ್ಲ, ತನ್ನನ್ನು ಕಾಯುವ ವ್ಯಕ್ತಿಯನ್ನು. ಬೌಲ್ಬಿಯವರ ಪ್ರಕಾರ, ತನ್ನನ್ನು ಸಲಹುವವರ ಬಳಿಯಲ್ಲಿರಬೇಕೆಂಬ ಹಂಬಲ ಹಸಿವು ನಿದ್ರೆಗಳಂತೆಯೇ ಹುಟ್ಟಿನಿಂದ ಬಂದದ್ದು. ಅಸಹಾಯಕವಾದ ಕೂಸು ಬದುಕಿ ಉಳಿಯಲು ಪ್ರಕೃತಿಯೇ ಹೂಡಿದ ಉಪಾಯವಿದು. ಇದನ್ನು ಅವರು ಅನುಬಂಧವೆಂದು ಕರೆದರು. ಸುಮಾರು ಎಂಟು ತಿಂಗಳ ಹೊತ್ತಿಗೆ ಹೊಸಬರನ್ನು ಕಂಡು ಮುಖ ಮರೆಸಿಕೊಳ್ಳುವುದು, ಒಂದು ಒಂದೂವರೆ ವರ್ಷದಲ್ಲಿ ತಾಯಿ ಎದ್ದರೆ ಹಿಂಬಾಲಿಸಿ ಅಳುವುದು, ಎಲ್ಲ ಈ ಅನುಬಂಧದ ಲಕ್ಷಣಗಳೇ. ಮೂರು ವರ್ಷದ ಹೊತ್ತಿಗೆ ಈ ಭಯ ಬಹುಮಟ್ಟಿಗೆ ಇಳಿಯುತ್ತದೆಯಾದರೂ ಹೊಸ ಜಾಗ, ಹೊಸ ಮುಖಗಳ ನಡುವೆ ಮತ್ತೆ ತಲೆಯೆತ್ತುವುದು ಸಹಜ.

“ತಾನೇ ಸುಮ್ಮನಾಗುತ್ತೆ” ಎಂಬ ಮಾತಿನ ಉತ್ತರಾರ್ಧವನ್ನು ಇನ್ನೂ ಎಚ್ಚರಿಕೆಯಿಂದ ನೋಡಬೇಕು. ಬೌಲ್ಬಿಯವರ ಸಹೋದ್ಯೋಗಿ ಜೇಮ್ಸ್ ರಾಬರ್ಟ್‌ಸನ್ ಮತ್ತು ಅವರ ಪತ್ನಿ ಜಾಯ್ಸ್ 1969ರಲ್ಲಿ ಜಾನ್ ಎಂಬ ಹದಿನೇಳು ತಿಂಗಳ ಮಗುವಿನ ಬಗ್ಗೆ ಒಂದು ಚಲನಚಿತ್ರವನ್ನು ಹೊರತಂದರು. ತಾಯಿ ಎರಡನೆಯ ಹೆರಿಗೆಗೆ ಹೋದಾಗ ಜಾನ್ ಒಂಬತ್ತು ದಿನ ಶಿಶುಪಾಲನಾ ಗೃಹವೊಂದರಲ್ಲಿ ಹಗಲಿರುಳೂ ಇರಬೇಕಾಯಿತು. ಅಲ್ಲಿನ ದಾದಿಯರು ಕೆಟ್ಟವರಲ್ಲ, ನಗುಮೊಗದವರೇ. ಆದರೆ ಅವರು ಪಾಳಿಯ ಮೇಲೆ ಬದಲಾಗುತ್ತಿದ್ದರು. ಜಾನ್‌ನನ್ನು ‘ನನ್ನ ಮಗು’ ಎಂದು ನೋಡಿಕೊಳ್ಳುವ ಹೊಣೆ ಯಾರೊಬ್ಬರಿಗೂ ಇರಲಿಲ್ಲ. ಮೊದಲ ದಿನಗಳಲ್ಲಿ ಅವನು ಒಬ್ಬೊಬ್ಬ ದಾದಿಯನ್ನೂ ಅರಸಿ ಮಡಿಲೇರಲು ನೋಡಿದ. ಅದು ಕೈಗೂಡದಿದ್ದಾಗ ದೊಡ್ಡದೊಂದು ಗೊಂಬೆ ಕರಡಿಯನ್ನು ತಬ್ಬಿಕೊಂಡ, ಅತ್ತ, ಊಟ ಬಿಟ್ಟ, ಸೋತುಹೋದ. ಒಂಬತ್ತನೆಯ ದಿನ ತಾಯಿ ಬಂದು ಕೈಚಾಚಿದಾಗ ಅವಳಿಂದಲೇ ಕೊಸರಿಕೊಂಡು ಮುಖ ತಿರುಗಿಸಿದ.

ಇದೇ ದಂಪತಿಗಳು ಇಂಥದೇ ಸನ್ನಿವೇಶದಲ್ಲಿದ್ದ ಬೇರೆ ನಾಲ್ಕು ಮಕ್ಕಳನ್ನು ಒಬ್ಬೊಬ್ಬರಾಗಿ ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ನೋಡಿಕೊಂಡರು. ಅಗಲಿಕೆಗೆ ಮುಂಚೆ ಪರಿಚಯ ಮಾಡಿಕೊಂಡರು. ಮಗುವಿನ ಆಟಿಕೆಗಳನ್ನು ಜೊತೆಗೆ ತರಿಸಿದರು. ತಾಯಿಯ ಭಾವಚಿತ್ರ ತೋರಿಸಿ ಅವಳ ಮಾತನ್ನು ಆಡುತ್ತಿದ್ದರು. ಆ ಮಕ್ಕಳೂ ನೊಂದರು, ಆದರೆ ಜಾನ್‌ನಂತೆ ಕುಸಿಯಲಿಲ್ಲ. ದಿನಕ್ಕೆ ಮೂರು ನಾಲ್ಕು ಗಂಟೆಯ ಶಿಶುವಿಹಾರಕ್ಕೂ ಒಂಬತ್ತು ದಿನಗಳ ವಾಸಕ್ಕೂ ಬಹಳ ವ್ಯತ್ಯಾಸವಿದೆ, ನಿಜ. ಆದರೂ ಒಂದು ತತ್ತ್ವ ಎರಡಕ್ಕೂ ಸಮಾನ. ಒಂದು ಮಡಿಲನ್ನು ಬಿಟ್ಟು ಬಂದ ಮಗುವಿಗೆ ಹತ್ತು ಕೈಗಳಲ್ಲ, ನಿಶ್ಚಿತವಾದ ಇನ್ನೊಂದು ಮಡಿಲು ಬೇಕು. ಅದು ದೊರೆತು ಅಳು ನಿಂತರೆ ಮಗು ಒಗ್ಗಿತೆಂದು ಅರ್ಥ; ದೊರೆಯದೆ ನಿಂತರೆ ಆಸೆ ಬಿಟ್ಟಿತೆಂದು ಅರ್ಥ. ಹೊರನೋಟಕ್ಕೆ ಎರಡೂ ಮೌನವೇ.

ಎರಡನೆಯದು ಮುದ್ದಿನ ಮಾತು. ಪ್ರೀತಿಯಿಂದ ಬೆಳೆದ ಮಗು ಮಾತ್ರ ಅಳುವುದೇ? ಲೀಸೆಲೊಟ್ಟೆ ಆಹ್ನರ್ಟ್ ಮತ್ತು ಸಂಗಡಿಗರು ಬರ್ಲಿನ್ನಿನಲ್ಲಿ ಹದಿನೈದು ತಿಂಗಳ 70 ಮಕ್ಕಳನ್ನು ಅಧ್ಯಯನ ಮಾಡಿ 2004ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮನಸ್ಸಿಗೆ ಒತ್ತಡವಾದಾಗ ದೇಹದಲ್ಲಿ ಏರುವ ಕಾರ್ಟಿಸಾಲ್ ಎಂಬ ರಸವನ್ನು ಮಕ್ಕಳ ಜೊಲ್ಲಿನಲ್ಲಿ ಅವರು ಅಳೆದರು. ತಾಯಿ ಜೊತೆಯಲ್ಲಿದ್ದ ದಿನಗಳಲ್ಲಿ, ತಾಯಿಯ ಮೇಲೆ ಭರವಸೆಯುಳ್ಳ ಮಕ್ಕಳಲ್ಲಿ ಇದು ಕಡಮೆಯಾಗಿತ್ತು. ತಾಯಿ ಬಿಟ್ಟುಹೋದ ಮೊದಲ ದಿನಗಳಲ್ಲಿ ಮಾತ್ರ ಎಲ್ಲ ಬಗೆಯ ಮಕ್ಕಳಲ್ಲಿಯೂ ಏರಿತು. ಒಂದು ಗಂಟೆಯೊಳಗೆ ಮನೆಯಲ್ಲಿದ್ದುದಕ್ಕಿಂತ ನೂರಕ್ಕೆ 75ರಿಂದ 100ರಷ್ಟು ಹೆಚ್ಚಾಯಿತು. ಮುದ್ದಿನಿಂದ ಬೆಳೆದದ್ದಕ್ಕೂ ಬೆಳೆಯದಿದ್ದುದಕ್ಕೂ ಇಲ್ಲಿ ಭೇದ ಕಾಣಲಿಲ್ಲ. ಅಳದಿರುವ ಮಗುವಿನ ವಿಷಯವೂ ಗಮನಾರ್ಹ. 1977ರಲ್ಲಿ ಅಮೆರಿಕದ ಸ್ರೂಫ್ ಮತ್ತು ವಾಟರ್ಸ್ ಎಂಬ ವಿದ್ವಾಂಸರು, ತಾಯಿಯ ಅಗಲಿಕೆಯನ್ನು ಲಕ್ಷಿಸದಂತೆ ಆಟಿಕೆಗಳೊಡನೆ ಕುಳಿತಿದ್ದ ಮಕ್ಕಳ ಎದೆಬಡಿತವೂ ಏರಿರುವುದನ್ನು ತೋರಿಸಿಕೊಟ್ಟರು. ಆದ್ದರಿಂದ ಅಳುವ ಮಗುವನ್ನು ಹಳಿಯುವುದೂ, “ನೋಡು, ಅವನು ಎಷ್ಟು ಜಾಣ, ಅಳೋದೇ ಇಲ್ಲ” ಎಂದು ಪಕ್ಕದ ಮಗುವನ್ನು ಹೊಗಳುವುದೂ ಎರಡೂ ಸರಿಯಲ್ಲ. ಅಳದ ಮಗುವನ್ನೂ ಶಿಕ್ಷಕಿ ಕರೆದು ಮಾತನಾಡಿಸಬೇಕು.

ಮೂರನೆಯದು, ಕಣ್ತಪ್ಪಿಸಿ ಹೋಗುವ ಉಪಾಯ. ಆ ಗಳಿಗೆಗೆ ಇದು ಸುಲಭವಾಗಿ ಕಾಣುತ್ತದೆ. ಆದರೆ ಮಗು ಇದರಿಂದ ಕಲಿಯುವ ಪಾಠವೇನು? ತಾನು ಆಟದಲ್ಲಿ ಮೈಮರೆತರೆ ಅಮ್ಮ ಮಾಯವಾಗುವಳು ಎಂಬ ಪಾಠ. ಮಾರನೆಯ ದಿನದಿಂದ ಅದು ಆಟಕ್ಕೆ ಇಳಿಯದೆ ಸೆರಗನ್ನು ಬಿಗಿಯಾಗಿ ಹಿಡಿಯುತ್ತದೆ. ಮನೆಯಲ್ಲಿಯೂ ತಾಯಿ ಬಚ್ಚಲಿಗೆ ಹೋದರೆ ಬಾಗಿಲು ಬಡಿಯುತ್ತದೆ. ಅಳುವನ್ನು ತಪ್ಪಿಸಲು ಹೋಗಿ ನಂಬಿಕೆಯನ್ನು ಕಳೆದುಕೊಂಡಂತಾಯಿತು. ಹೇಳಿ ಹೋದರೆ ಮಗು ಅಳುತ್ತದೆ, ನಿಜ. ಆದರೆ ಹೇಳಿದವರು ಹೇಳಿದಂತೆಯೇ ಮರಳಿ ಬಂದಾಗ ಆ ಮಾತಿಗೆ ಬೆಲೆ ಬರುತ್ತದೆ. ಹೇಳುವ ಮಾತೂ ಮಗುವಿಗೆ ಎಟಕುವಂತಿರಬೇಕು. “ಹನ್ನೆರಡೂವರೆಗೆ ಬರ್ತೀನಿ” ಎಂದರೆ ಮೂರು ವರ್ಷದ ಮಗುವಿಗೆ ಏನೂ ತಿಳಿಯದು. “ನೀನು ಊಟ ಮಾಡಿ ಕೈ ತೊಳೆದ ಮೇಲೆ ಬರ್ತೀನಿ ಕಂದಾ” ಎಂದರೆ ತಿಳಿಯುತ್ತದೆ. “ಈಗ ಬಂದೆ” ಎಂದು ಸುಳ್ಳು ಹೇಳುವುದಂತೂ ಸಲ್ಲದು.

ಹಾಗಾದರೆ ಸರಿಯಾದ ಕ್ರಮ ಯಾವುದು? ಜರ್ಮನಿಯಲ್ಲಿ 1980ರ ದಶಕದಲ್ಲಿ ರೂಪುಗೊಂಡ ‘ಬರ್ಲಿನ್ ಪದ್ಧತಿ’ ಇದಕ್ಕೆ ಒಳ್ಳೆಯ ಮಾದರಿ. ಮೊದಲ ಮೂರು ದಿನ ತಾಯಿ ಅಥವಾ ತಂದೆ ಮಗುವಿನೊಡನೆ ಸುಮಾರು ಒಂದು ಗಂಟೆ ಇದ್ದು ಅದನ್ನು ಕರೆದುಕೊಂಡೇ ಹಿಂದಿರುಗುತ್ತಾರೆ. ಅವರು ಮೂಲೆಯಲ್ಲಿ ಸುಮ್ಮನೆ ಕುಳಿತಿರಬೇಕು. ಆಡಲು ಹೋಗೆಂದು ಮಗುವನ್ನು ದೂಡಬಾರದು, ಬಳಿಗೆ ಬಂದರೆ ದೂರ ಮಾಡಲೂಬಾರದು. ನಿಶ್ಚಿತಳಾದ ಒಬ್ಬ ಶಿಕ್ಷಕಿ ನಿಧಾನವಾಗಿ ಮಗುವಿನ ಸ್ನೇಹ ಬೆಳೆಸುತ್ತಾಳೆ. ನಾಲ್ಕನೆಯ ದಿನ ತಾಯಿ ಹೇಳಿ ಹೊರಗೆ ಹೋಗಿ ಹತ್ತಿರದಲ್ಲಿಯೇ ಕಾದಿರುತ್ತಾಳೆ. ಈ ಅಗಲಿಕೆ ಅರ್ಧ ಗಂಟೆಯನ್ನು ಮೀರುವುದಿಲ್ಲ. ಶಿಕ್ಷಕಿ ಎತ್ತಿಕೊಂಡಾಗ ಮಗು ಸಮಾಧಾನವಾದರೆ ಅವಧಿಯನ್ನು ದಿನದಿನಕ್ಕೆ ಹೆಚ್ಚಿಸುತ್ತಾರೆ. ಆಗದಿದ್ದರೆ ತಾಯಿಯನ್ನು ಕೂಡಲೆ ಕರೆದು, ಇನ್ನೂ ಕೆಲವು ದಿನ ಜೊತೆಗಿರಲು ಹೇಳುತ್ತಾರೆ. ಮಗು ಅಳಲೇಬಾರದೆಂಬುದು ಇಲ್ಲಿ ಗುರಿಯಲ್ಲ. ಅತ್ತಾಗ ಶಿಕ್ಷಕಿಯ ಹೆಗಲಿಗೆ ಒರಗಬಲ್ಲುದೇ ಎಂಬುದೇ ಪರೀಕ್ಷೆ. ತಾಯಂದಿರು ಹೆಚ್ಚು ದಿನ ಜೊತೆಗಿದ್ದು ಒಗ್ಗಿಸಿದ ಮಕ್ಕಳಲ್ಲಿ ತಾಯಿಯ ಮೇಲಿನ ಭರವಸೆ ಉಳಿಯಿತು ಅಥವಾ ಬೆಳೆಯಿತು ಎಂದು ಮೇಲೆ ಹೇಳಿದ 2004ರ ಅಧ್ಯಯನವೂ ತಿಳಿಸುತ್ತದೆ.

ಇದು ಅನುಕೂಲಸ್ಥರ ದೇಶದ ಮಾತಾಯಿತು, ಕೂಲಿಗೆ ಹೋಗುವ ತಾಯಿ ಮೂರು ದಿನ ಕುಳಿತರೆ ಮನೆ ನಡೆಯುವುದು ಹೇಗೆ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮಲ್ಲಿ 1975ರ ಅಕ್ಟೋಬರ್ 2ರಂದು 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂದಿನಿಂದ ಬೆಳೆದುಬಂದ ಅಂಗನವಾಡಿಯಲ್ಲಿ ಸಾಮಾನ್ಯವಾಗಿ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಕೈಗಳು ಕಡಮೆ, ಕೆಲಸ ಬಹಳ. ಆದರೆ ಮುಖಗಳು ದಿನಕ್ಕೊಂದರಂತೆ ಬದಲಾಗುವುದಿಲ್ಲ. ಅವರು ಬಹುಮಟ್ಟಿಗೆ ಆ ಊರಿನವರೇ, ಮಗುವಿನ ಮನೆಮಾತನ್ನು ಆಡುವವರೇ. ತಾಯಿಗೆ ಬಿಡುವಿಲ್ಲದಿದ್ದರೆ ಅಜ್ಜಿ ಬಂದು ಕುಳಿತಿರಬಹುದು; ಅಲ್ಲಿಯೇ ಇರುವ ಅಕ್ಕನ ಪಕ್ಕದಲ್ಲಿ ಮಗುವನ್ನು ಕೂರಿಸಬಹುದು. ಮನೆಯ ವಾಸನೆಯುಳ್ಳ ಒಂದು ಬಟ್ಟೆಯ ತುಂಡನ್ನು ಕೈಯಲ್ಲಿ ಕೊಟ್ಟು ಕಳುಹಿಸಲು ಖರ್ಚೇನೂ ಇಲ್ಲ. ಹೊಸ ಮಕ್ಕಳೆಲ್ಲರನ್ನೂ ಒಂದೇ ದಿನ ಸೇರಿಸಿಕೊಳ್ಳದೆ ದಿನಕ್ಕೆ ಇಬ್ಬರಂತೆ ಸೇರಿಸಿಕೊಂಡರೆ, ಪ್ರತಿಯೊಂದು ಮಗುವಿಗೂ ಕೆಲವು ಗಳಿಗೆಯಾದರೂ ಒಂದು ಮಡಿಲು ದೊರೆಯುತ್ತದೆ.

ಇನ್ನೊಂದು ಮಾತನ್ನು ತಂದೆತಾಯಿಗಳು ನೆನಪಿನಲ್ಲಿಡಬೇಕು. ಮೊದಲ ವಾರ ನಗುತ್ತ ಹೋದ ಮಗು ಎರಡನೆಯ ವಾರ ಅಳಬಹುದು. ಗೌರಿ-ಗಣೇಶನ ಹಬ್ಬದ ರಜೆ ಮುಗಿದ ಮೇಲೆ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಬಹುದು. ಹಗಲೆಲ್ಲ ಗೆಲುವಾಗಿದ್ದು ಸಂಜೆ ಮನೆಗೆ ಬಂದು ಕಾರಣವಿಲ್ಲದೆ ರಂಪ ಮಾಡಬಹುದು. ನಿಂತಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಕೆಲವು ದಿನ ಮರಳಬಹುದು. ಇದಕ್ಕೆ ಗದರುವುದು ಬೇಡ. ಹಗಲು ತಡೆದುಕೊಂಡಿದ್ದನ್ನು ಮಗು ತನ್ನವರ ಮುಂದೆ ಇಳಿಸುತ್ತಿದೆ, ಅಷ್ಟೆ. ಹಲವು ವಾರ ಕಳೆದರೂ ಊಟ ನಿದ್ರೆಗಳು ಸರಿಹೋಗದಿದ್ದರೆ, ಮಾತು ಕುಗ್ಗಿದರೆ, ಶಿಕ್ಷಕಿಯೊಡನೆ ಕುಳಿತು ವಿಚಾರಿಸಬೇಕು. ಅಗತ್ಯವಾದರೆ ವೈದ್ಯರಿಗೆ ತೋರಿಸಬೇಕು. ಇನ್ನಾರು ತಿಂಗಳು ತಡೆದು ಸೇರಿಸುವುದರಲ್ಲಿಯೂ ನಷ್ಟವಿಲ್ಲ.

ನಮ್ಮ ಕಾಲೇಜಿನಿಂದ ಹೊರಬೀಳುವವರಲ್ಲಿ ಕೆಲವರು ಶಿಕ್ಷಕರಾಗುವರು, ಬಹುಮಂದಿ ತಂದೆತಾಯಿಗಳಾಗುವರು. ಅಕ್ಷರ, ಅಂಕಿ, ಹಾಡು ಯಾವುದೂ ಆ ಮೊದಲ ವಾರದ ಪಾಠವಲ್ಲ. ಹೋದವರು ಮರಳಿ ಬರುತ್ತಾರೆ, ಮನೆಯ ಹೊರಗೂ ನನ್ನವರಿದ್ದಾರೆ ಎಂಬ ಎರಡು ಪಾಠಗಳನ್ನು ಮಗು ಆಗ ಕಲಿಯಬೇಕಾಗಿದೆ. ಅವನ್ನು ಕಲಿಸಲು ಪುಸ್ತಕ ಬೇಕಿಲ್ಲ. ಕೊಟ್ಟ ಮಾತಿನ ಹೊತ್ತಿಗೆ ಸರಿಯಾಗಿ ಬಾಗಿಲಲ್ಲಿ ಬಂದು ನಿಲ್ಲುವ ತಾಯಿ, ಅಲ್ಲಿಯವರೆಗೆ ಎತ್ತಿಕೊಂಡಿರುವ ಶಿಕ್ಷಕಿ, ಇವರಿಬ್ಬರಿದ್ದರೆ ಸಾಕು.