ಸಂಜೆಯ ಮುಖಾಲಂಕಾರವೂ ಕುಂಚದ ಶುಚಿಯೂ

ಹಗಲು ಹೊತ್ತಿನಲ್ಲಿ ಕಿಟಕಿಯ ಬಳಿ ಕುಳಿತು ಹಚ್ಚಿಕೊಂಡ ಬಣ್ಣವು ಕನ್ನಡಿಯಲ್ಲಿ ಬಹು ಚೆನ್ನಾಗಿ ಕಾಣುತ್ತದೆ. ಅದೇ ಮುಖವು ಸಂಜೆ ರಂಗದ ದೀಪಗಳ ಕೆಳಗೆ ಬಂದು ನಿಂತಾಗ ಕೆನ್ನೆಯ ಕೆಂಪು ಮಾಯವಾಗಿ, ಹಣೆಯು ಬೂದಿ ಬಳಿದಂತಾಗಿ, ಕಣ್ಣುಗಳು ಎರಡು ಕುಳಿಗಳಂತೆ ತೋರುವುದುಂಟು. ಶಾಲಾ ಕಾಲೇಜುಗಳ ವಾರ್ಷಿಕೋತ್ಸವವನ್ನು ನೋಡಿದವರಿಗೆ ಇದು ಹೊಸತೇನೂ ಅಲ್ಲ. ಬಣ್ಣ ಹಚ್ಚಿದವರ ಕೈ ಸರಿಯಿಲ್ಲವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಬೆಳಕಿನ ಲೆಕ್ಕ ತಪ್ಪಿತೆಂದು ಹೇಳುವವರು ವಿರಳ.

ಅದೇ ಸಮಾರಂಭದ ತೆರೆಯ ಹಿಂದೆ ನಡೆಯುವ ಇನ್ನೊಂದು ಸಂಗತಿಯು ಪ್ರೇಕ್ಷಕರ ಕಣ್ಣಿಗೆ ಬೀಳುವುದಿಲ್ಲ. ಒಂದೇ ಡಬ್ಬಿ, ಒಂದೇ ಕುಂಚ, ಮೂವತ್ತು ಮಕ್ಕಳ ಮುಖ. ಮೊದಲನೆಯವನ ರೆಪ್ಪೆಯನ್ನು ಮುಟ್ಟಿದ ಕೂದಲೇ ಮೂವತ್ತನೆಯವಳ ರೆಪ್ಪೆಯನ್ನೂ ಮುಟ್ಟುತ್ತದೆ. ಎರಡು ದಿನಗಳ ತರುವಾಯ ತರಗತಿಯಲ್ಲಿ ಕೆಲವರ ಕಣ್ಣು ಕೆಂಪಾದರೆ ಅದನ್ನು ದೃಷ್ಟಿ ತಾಕಿದ್ದೆಂದು ತಿಳಿಯಬೇಕಾದುದಿಲ್ಲ. ಸಂಜೆಯ ಮುಖಾಲಂಕಾರದಲ್ಲಿ ಬೆಳಕಿನದೊಂದು ವಿಜ್ಞಾನ, ಕುಂಚದ್ದೊಂದು ವಿಜ್ಞಾನ ಇವೆ. ಎರಡನ್ನೂ ಇಲ್ಲಿ ವಿಚಾರಿಸೋಣ.

ಬಣ್ಣವು ಡಬ್ಬಿಯೊಳಗೆ ಸಿದ್ಧವಾಗಿ ಕುಳಿತಿರುವ ಗುಣವೆಂಬುದು ಸಾಮಾನ್ಯ ನಂಬಿಕೆ. ಕೆಂಪು ಪುಡಿಯು ಕೆಂಪಗೆ ಕಾಣುವುದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಂಪು ಕಿರಣಗಳನ್ನು ಹಿಂದಕ್ಕೆ ಕಳುಹಿಸಿ, ಉಳಿದವನ್ನು ಹೀರಿಕೊಳ್ಳುವುದರಿಂದ. ಬಿದ್ದ ಬೆಳಕಿನಲ್ಲಿಯೇ ಕೆಂಪು ಕಡಿಮೆಯಿದ್ದರೆ ಪುಡಿಯು ತಾನೆ ಏನು ಮಾಡೀತು? ಹಗಲಿನ ಬೆಳಕಿನಲ್ಲಿ ಎಲ್ಲ ಬಣ್ಣದ ಕಿರಣಗಳೂ ಹೆಚ್ಚುಕಡಿಮೆ ಸಮನಾಗಿ ಬೆರೆತಿರುತ್ತವೆ. ಹಳೆಯ ತಂತಿಯ ಬಲ್ಬಿನಲ್ಲಿ ಕೆಂಪು, ಹಳದಿಗಳು ಹೆಚ್ಚು; ನೀಲಿ ಬಹಳ ಕಡಿಮೆ. ಆದುದರಿಂದ ಅದರ ಕೆಳಗೆ ತುಟಿ ಕೆನ್ನೆಗಳ ಕೆಂಪು ಕಳೆಗೂಡುತ್ತಿತ್ತು. ನೀಲಿಯ ರೆಪ್ಪೆಬಣ್ಣವು ಕಂದಿ ಬೂದಾಗುತ್ತಿತ್ತು. ಈಗ ಎಲ್ಲೆಡೆಯಲ್ಲಿಯೂ ಬಂದಿರುವ ಎಲ್‌ಇಡಿ ದೀಪದ ನಡತೆ ಬೇರೆ. ಸಾಮಾನ್ಯವಾದ ಬಿಳಿಯ ಎಲ್‌ಇಡಿಯಲ್ಲಿ ನಿಜವಾಗಿ ಹುಟ್ಟುವುದು ನೀಲಿ ಬೆಳಕು. ಅದರ ಮುಂದೆ ಲೇಪಿಸಿದ ಹಳದಿ ಪದಾರ್ಥವು ನೀಲಿಯ ಒಂದು ಭಾಗವನ್ನು ಹಳದಿಯಾಗಿ ಮಾರ್ಪಡಿಸುತ್ತದೆ. ಎರಡೂ ಸೇರಿದಾಗ ಕಣ್ಣಿಗೆ ಬಿಳಿಯೆನಿಸುತ್ತದೆಯಾದರೂ ಅಗ್ಗದ ದೀಪಗಳಲ್ಲಿ ಗಾಢ ಕೆಂಪಿನ ಪಾಲು ಬಹು ಸ್ವಲ್ಪ. ವಾರ್ಷಿಕೋತ್ಸವದ ಮುಖಗಳು ರಕ್ತಹೀನವಾಗಿ ಕಾಣುವುದಕ್ಕೆ ಇದು ಮುಖ್ಯ ಕಾರಣ. ದೀಪದ ಪೆಟ್ಟಿಗೆಯ ಮೇಲೆ 2700 ಕೆಲ್ವಿನ್ ಅಥವಾ 3000 ಕೆಲ್ವಿನ್ ಎಂದಿದ್ದರೆ ಹಳದಿಮಿಶ್ರಿತ ಬೆಳಕೆಂದೂ, 6500 ಎಂದಿದ್ದರೆ ನೀಲಿಯ ಕಡೆಗೆ ವಾಲಿದ ಬೆಳಕೆಂದೂ ತಿಳಿಯಬೇಕು.

ಇನ್ನು ಕಣ್ಣಿನ ಪಾತ್ರ. ಬೊಹೀಮಿಯದ ಶರೀರವಿಜ್ಞಾನಿ ಯಾನ್ ಪುರ್ಕಿನ್ಯೆಯು 1825ರಲ್ಲಿ ಒಂದು ವಿಚಿತ್ರವನ್ನು ವರ್ಣಿಸಿದನು. ಬೆಳಕು ಮಬ್ಬಾಗುತ್ತ ಹೋದಂತೆ ಕೆಂಪು ವಸ್ತುಗಳು ಮೊದಲು ಕಪ್ಪಾಗುತ್ತವೆ. ನೀಲಿ ಹಸುರುಗಳು ಇನ್ನೂ ಸ್ವಲ್ಪ ಹೊತ್ತು ತಿಳಿಯಾಗಿ ಉಳಿಯುತ್ತವೆ. ತೋಟದಲ್ಲಿ ಕೆಂಪು ದಾಸವಾಳದ ಹೂವೂ ಅದರ ಎಲೆಯೂ ಮುಸ್ಸಂಜೆಯಲ್ಲಿ ಹೇಗೆ ತೋರುತ್ತವೆಂಬುದನ್ನು ವಾಚಕರು ತಾವೇ ಪರೀಕ್ಷಿಸಬಹುದು. ಪ್ರಖರ ಬೆಳಕಿನಲ್ಲಿ ಕೆಲಸಮಾಡುವ ಕಣ್ಣಿನ ಶಂಕುಕೋಶಗಳು ಸುಮಾರು 555 ನ್ಯಾನೊಮೀಟರಿನ ಹಳದಿಹಸುರು ಬೆಳಕಿಗೆ ಅತ್ಯಂತ ಸೂಕ್ಷ್ಮ. ಮಬ್ಬಿನಲ್ಲಿ ಕೆಲಸವನ್ನು ವಹಿಸಿಕೊಳ್ಳುವ ದಂಡಕೋಶಗಳು ಸುಮಾರು 507 ನ್ಯಾನೊಮೀಟರಿನ ನೀಲಿಹಸುರಿಗೆ ಸೂಕ್ಷ್ಮ, ಕೆಂಪಿಗಂತೂ ಕುರುಡೆಂದೇ ಹೇಳಬಹುದು. ದೀಪಗಳು ಝಗಝಗಿಸುವ ಮದುವೆಯ ಮಂಟಪದಲ್ಲಿ ಇದರ ಪ್ರಭಾವ ಕಾಣದು. ಅಂಗಳದಲ್ಲಿ ನಾಲ್ಕು ಹಣತೆಯಿಟ್ಟು ಕೂಡುವ ಕೂಟದಲ್ಲಿ ಮಾತ್ರ ಕಡುಗೆಂಪಿನ ತುಟಿ ಕಪ್ಪಾಗಿ ಕಾಣುವುದು ಖಂಡಿತ. ಅಂಥಲ್ಲಿ ತಿಳಿಗೆಂಪು ಮೇಲು.

ಹೀಗಿರುವುದರಿಂದ ಸಂಜೆಯ ಅಲಂಕಾರದ ಮೊದಲ ಉಪಕರಣವೆಂದರೆ ದೀಪ. ಯಾವ ಬೆಳಕಿನಲ್ಲಿ ಮುಖವು ಕಾಣಬೇಕೊ ಆ ಬೆಳಕಿನಲ್ಲಿಯೇ ಬಣ್ಣ ಹಚ್ಚತಕ್ಕದ್ದು. ದೀಪವು ಕನ್ನಡಿಯ ಎರಡು ಪಕ್ಕದಲ್ಲಿಯೂ ಮುಖದ ಮಟ್ಟದಲ್ಲಿ ಇರಬೇಕು. ತಲೆಯ ಮೇಲಿನ ದೀಪವೊಂದೇ ಆದರೆ ಹುಬ್ಬಿನ ನೆರಳು ಕಣ್ಣಿನ ಮೇಲೆ, ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಇಲ್ಲದ ದೋಷವನ್ನು ಮುಚ್ಚಹೋಗಿ ಬಣ್ಣ ಹೆಚ್ಚಾಗುತ್ತದೆ.

ಮೈಬಣ್ಣದ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕಾದದ್ದು. ಫೌಂಡೇಶನ್ ಎಂದು ಕರೆಯುವ ತಳಬಣ್ಣದಲ್ಲಿರುವುದು ಮುಖ್ಯವಾಗಿ ಕಬ್ಬಿಣದ ಆಕ್ಸೈಡುಗಳು: ಕೆಂಪು, ಹಳದಿ, ಕಪ್ಪು. ಕೆಮ್ಮಣ್ಣಿಗೆ ಬಣ್ಣ ಕೊಟ್ಟದ್ದೂ ಇದೇ ಕುಲದ ಪದಾರ್ಥ. ಇವುಗಳೊಡನೆ ಬಿಳಿಯ ಟೈಟಾನಿಯಂ ಡೈಆಕ್ಸೈಡು ಸೇರುತ್ತದೆ. ಅಳತೆಯನ್ನು ಬದಲಿಸಿ ಬೆರೆಸಿದರೆ ಮನುಷ್ಯರ ಯಾವ ಮೈಬಣ್ಣವನ್ನಾದರೂ ಹೋಲಿಸಬಹುದು. ಹಾಗಿದ್ದೂ ನಮ್ಮ ಅನೇಕ ಶಾಲೆಗಳಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಿಳಿಗುಲಾಬಿ ಲೇಪವನ್ನು ಬಳಿಯುವ ರೂಢಿ ಉಳಿದುಬಂದಿದೆ. ಕಂದು ಬಣ್ಣದ ಚರ್ಮದ ಮೇಲೆ ಬಿಳಿಯ ತೆಳು ಪದರ ಹರಡಿದಾಗ ಅದು ಬೆಳ್ಳಗಾಗುವುದಿಲ್ಲ, ಬೂದಿಯಾಗುತ್ತದೆ. ತೆಳುವಾದ ಬಿಳಿಯ ಪದರವು ನೀಲಿ ಕಿರಣಗಳನ್ನು ಹೆಚ್ಚಾಗಿ ಚದರಿಸುತ್ತದೆ. ಕೆಂಪು ಕಿರಣಗಳು ಅದನ್ನು ದಾಟಿ ಕೆಳಗಿನ ಚರ್ಮದಲ್ಲಿ ಅಡಗುತ್ತವೆ. ಕುತ್ತಿಗೆ ಒಂದು ಬಣ್ಣ, ಮುಖ ಒಂದು ಬಣ್ಣವಾಗಿ ಮಗುವು ಮುಖವಾಡ ತೊಟ್ಟಂತೆ ತೋರುವುದು. ಇದು ಭೌತವಿಜ್ಞಾನಕ್ಕೆ ವಿರುದ್ಧವೆಂಬುದಿರಲಿ, ತನ್ನ ಮೈಬಣ್ಣವೇ ಮುಚ್ಚಬೇಕಾದ ದೋಷವೆಂದು ಮಗುವಿಗೆ ಕಲಿಸುವುದು ಇನ್ನೂ ಕೆಟ್ಟದ್ದು. ದವಡೆಯ ಅಂಚಿನಲ್ಲಿ ಹಚ್ಚಿ ನೋಡಿದಾಗ ಯಾವ ಬಣ್ಣವು ಕಾಣದಂತೆ ಮಾಯವಾಗುವುದೊ ಅದೇ ಸರಿಯಾದ ತಳಬಣ್ಣ.

ಎರಡು ಗಂಟೆಯ ಮೇಲೆ ಬಣ್ಣ ಕಪ್ಪೇರಿತೆಂದು ಹಲವರು ದೂರುತ್ತಾರೆ. ಒಣಗಿದ ಅರಿವೆಯ ಮೇಲೆ ನೀರು ಬಿದ್ದ ಜಾಗ ಏಕೆ ಗಾಢವಾಗಿ ಕಾಣುತ್ತದೆಂದು ಯೋಚಿಸಿದರೆ ಉತ್ತರ ದೊರೆಯುತ್ತದೆ. ಪುಡಿಯ ಕಣಗಳ ನಡುವೆ ಗಾಳಿಯಿರುವಾಗ ಬೆಳಕು ಒಂದೊಂದು ಕಣದ ಅಂಚಿನಲ್ಲಿಯೂ ಬಲವಾಗಿ ಚದರಿ ಹಿಂದಿರುಗುತ್ತದೆ. ಗಾಳಿಯ ವಕ್ರೀಭವನಾಂಕ 1, ಟಾಲ್ಕ್ ಪುಡಿಯದು ಸುಮಾರು 1.6. ಚರ್ಮದಿಂದ ಒಸರುವ ಎಣ್ಣೆಯದು ಸುಮಾರು 1.5. ಎಣ್ಣೆಯು ಗಾಳಿಯ ಜಾಗವನ್ನು ಹಿಡಿದ ಕೂಡಲೆ ಅಂತರವು ಬಹುಮಟ್ಟಿಗೆ ಅಳಿದುಹೋಗಿ ಪುಡಿಯು ಪಾರದರ್ಶಕವಾಗುತ್ತದೆ. ಟೈಟಾನಿಯಂ ಡೈಆಕ್ಸೈಡಿನ ಅಂಕ 2.5ಕ್ಕೂ ಹೆಚ್ಚಾದ್ದರಿಂದ ಅದು ಎಣ್ಣೆಯಲ್ಲಿಯೂ ಮರೆಮಾಡಬಲ್ಲುದು. ಅಂದಹಾಗೆ, ಟಾಲ್ಕ್ ಎಂಬುದು ನಮಗೆ ಹೊಸ ನಂಟಲ್ಲ. ಸ್ಲೇಟಿನ ಮೇಲೆ ನಮ್ಮ ಹಿರಿಯರು ಅಕ್ಷರ ತಿದ್ದಿದ ಬಳಪದ ಕಲ್ಲಿನಲ್ಲಿರುವ ಮುಖ್ಯ ಖನಿಜ ಅದೇ. ಕರಾವಳಿಯ ಸೆಕೆಯಲ್ಲಿ ಮುಖವನ್ನು ಮತ್ತೆ ಮತ್ತೆ ಪುಡಿಯಿಂದ ಮುಚ್ಚುವುದಕ್ಕಿಂತ ತೆಳುಕಾಗದದಿಂದ ಒತ್ತಿ ಎಣ್ಣೆಯನ್ನು ತೆಗೆಯುವುದು ಜಾಣತನ.

ಇನ್ನು ಹಚ್ಚುವ ಕ್ರಮ. ತೊಳೆದು ಒರಸಿದ ಮುಖಕ್ಕೆ ಹದವಾದ ಲೇಪ, ಅದರ ಮೇಲೆ ತೆಳುವಾದ ತಳಬಣ್ಣ, ತರುವಾಯ ಕೆನ್ನೆಯ ಕೆಂಪು. ಸಂಜೆಯ ವಿಶೇಷವಿರುವುದು ಕಣ್ಣಿನಲ್ಲಿ. ಎದುರಿನಿಂದ ಬೀಳುವ ಬಲವಾದ ಬೆಳಕು ಮುಖದ ಏರುತಗ್ಗುಗಳನ್ನು ಅಳಿಸಿ ಹಲಗೆಯಂತೆ ಮಾಡುತ್ತದೆ. ಕಳೆದ ನೆರಳನ್ನು ನಾವು ಬಣ್ಣದಿಂದ ಹಿಂದಕ್ಕೆ ತರಬೇಕು. ರೆಪ್ಪೆಯ ಮೇಲಿನ ಮಡಿಕೆಯಲ್ಲಿ ಮೈಬಣ್ಣಕ್ಕಿಂತ ಒಂದು ಪಟ್ಟು ಗಾಢವಾದ ಹೊಳಪಿಲ್ಲದ ಕಂದು. ಹೊರತುದಿಯಲ್ಲಿ ಅದಕ್ಕಿಂತ ಗಾಢ. ರೆಪ್ಪೆಯ ನಡುವೆ ಬೆರಳ ತುದಿಯಷ್ಟು ಹೊಳಪು. ಈ ಹೊಳಪಿನ ಪುಡಿಯು ಅಭ್ರಕದ ಚೂರುಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ತೆಳುಪದರ ಲೇಪಿಸಿದ್ದು. ಸಾಬೂನಿನ ಗುಳ್ಳೆಯಲ್ಲಿ ಬಣ್ಣಗಳನ್ನು ಹುಟ್ಟಿಸುವ ವ್ಯತಿಕರಣವೇ ಇಲ್ಲಿಯೂ ಕೆಲಸ ಮಾಡುತ್ತದೆ. ಬಳಿಕ ಬಣ್ಣವಿಲ್ಲದ ಶುಚಿಯಾದ ಕುಂಚದಿಂದ ಅಂಚುಗಳನ್ನು ಸಣ್ಣ ಸಣ್ಣ ಸುತ್ತುಗಳಲ್ಲಿ ಸವರಿ ಗೆರೆ ಕಾಣದಂತೆ ಮಾಡಬೇಕು. ಕಲಿಯುವವರು ಆತುರಪಡುವುದು ಇಲ್ಲಿಯೇ. ಕಾಡಿಗೆ, ತುಟಿಯ ಬಣ್ಣ ಕೊನೆಗೆ. ಕಣ್ಣು ಗಾಢವಾಗಿದ್ದರೆ ತುಟಿ ತಿಳಿಯಾಗಿರಲಿ ಎಂಬುದು ನಮ್ಮ ಅಭಿರುಚಿ. ವಿಜ್ಞಾನಕ್ಕೆ ಅದರಲ್ಲಿ ಮಾತಿಲ್ಲ.

ರಾತ್ರಿಯ ಬೆಳಕಿಗಾಗಿ ಮುಖ ಬರೆಯುವ ವಿದ್ಯೆ ನಮ್ಮ ನಾಡಿಗೆ ಹಳೆಯದು. ಯಕ್ಷಗಾನದ ಚೌಕಿಯಲ್ಲಿ ವೇಷಧಾರಿಯು ತನ್ನ ಮುಖವನ್ನು ತಾನೇ ಬರೆದುಕೊಳ್ಳುತ್ತಾನೆ. ಅಕ್ಕಿಹಿಟ್ಟು ಸುಣ್ಣಗಳನ್ನು ಕಲಸಿ ಚಿಟ್ಟಿಗಳನ್ನಿಡುವ ಬಣ್ಣದ ವೇಷವು ದೀವಟಿಗೆಯ ಬೆಳಕಿಗೆ ಹೇಳಿ ಮಾಡಿಸಿದ ಕಲೆ. ಆದರೆ ಹಿಂದೆ ಬಳಕೆಯಲ್ಲಿದ್ದ ಅರದಾಳವು ಆರ್ಸೆನಿಕ್ಕಿನ ಸಲ್ಫೈಡು, ಇಂಗಳೀಕವು ಪಾದರಸದ ಸಲ್ಫೈಡು. ಯೂರೋಪಿನ ಸಿರಿವಂತರು ಮುಖಕ್ಕೆ ಬಳಿದ ಬಿಳಿಯು ಸೀಸದ ಕಾರ್ಬೊನೇಟು; 1760ರಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ತೀರಿಕೊಂಡ ಕವೆಂಟ್ರಿಯ ಕೌಂಟೆಸ್ ಮರಿಯಾ ಗನ್ನಿಂಗಳ ಸಾವಿಗೆ ಇದೇ ಕಾರಣವೆಂದು ಜನ ಹೇಳುತ್ತ ಬಂದಿದ್ದಾರೆ. ಬಣ್ಣಕ್ಕಾಗಿ ಸೀಸ, ಆರ್ಸೆನಿಕ್ಕುಗಳ ಸಂಯುಕ್ತಗಳನ್ನು ಸೇರಿಸುವುದನ್ನು ಭಾರತದ 2020ರ ಸೌಂದರ್ಯವರ್ಧಕ ನಿಯಮಗಳು ನಿಷೇಧಿಸಿವೆ. ತಯಾರಕರ ಹೆಸರು, ತಯಾರಾದ ತಿಂಗಳು ಇಲ್ಲದ ಸಂತೆಯ ಡಬ್ಬಿಗೆ ಈ ನಿಯಮದ ಕಾವಲಿಲ್ಲ.

ಈಗ ಕುಂಚದ ವಿಷಯಕ್ಕೆ ಬರೋಣ. ಆಡಿನ ಇಲ್ಲವೆ ಅಳಿಲಿನ ಕೂದಲನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದರೆ ಮೇಲ್ಮೈಯಲ್ಲಿ ಮಾಡಿನ ಹೆಂಚಿನಂತೆ ಒಂದರ ಮೇಲೊಂದು ಒರಗಿದ ಹುರುಪೆಗಳು ಕಾಣುತ್ತವೆ. ಅವುಗಳ ಅಂಚಿನಲ್ಲಿ ಪುಡಿಯು ತಂಗಿ, ಚರ್ಮಕ್ಕೆ ತಾಗಿದಾಗ ಸ್ವಲ್ಪ ಸ್ವಲ್ಪವಾಗಿ ಇಳಿಯುತ್ತದೆ. ನೈಲಾನ್ ಮೊದಲಾದ ಕೃತಕ ಎಳೆಗಳು ನಯವಾಗಿದ್ದು ನೀರನ್ನಾಗಲಿ ಎಣ್ಣೆಯನ್ನಾಗಲಿ ಅಷ್ಟಾಗಿ ಹೀರಲಾರವು. ಆದುದರಿಂದ ದ್ರವಬಣ್ಣಗಳಿಗೆ ಅವೇ ತಕ್ಕವು, ತೊಳೆಯುವುದಕ್ಕೂ ಸುಲಭ. ಜಪಾನಿನ ಹಿರೋಶಿಮಾ ಪ್ರಾಂತದ ಕುಮಾನೊ ಎಂಬ ಊರು ಕುಂಚದ ಕಸುಬಿಗೆ ಹೆಸರಾದುದು. ಅಲ್ಲಿಯ ಕುಶಲಿಗರು ಒಳ್ಳೆಯ ಕುಂಚಕ್ಕೆ ಕೂದಲಿನ ತುದಿಯನ್ನು ಕತ್ತರಿಸುವುದಿಲ್ಲ. ಹುಟ್ಟುತುದಿಗಳನ್ನೇ ಜೋಡಿಸಿ ಆಕಾರ ಕೊಡುತ್ತಾರೆ. ಕತ್ತರಿಸಿದ ತುದಿ ಚುಚ್ಚುತ್ತದೆ, ಹುಟ್ಟುತುದಿ ಸವರುತ್ತದೆ. ನಮ್ಮಲ್ಲಿ ಚಿತ್ರಕಾರರ ಕುಂಚಕ್ಕಾಗಿ ಮುಂಗುಸಿಗಳನ್ನು ಕೊಲ್ಲುತ್ತಿದ್ದುದುಂಟು. ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದರ ಕೂದಲಿನ ವ್ಯಾಪಾರ ಈಗ ಅಪರಾಧ.

ಬಣ್ಣವನ್ನು ಹಿಡಿಯುವ ಹುರುಪೆಯು ಚರ್ಮದ ಎಣ್ಣೆ, ಸತ್ತ ಕೋಶಗಳು, ಬೆವರು ಎಲ್ಲವನ್ನೂ ಹಿಡಿಯುತ್ತದೆ. ಇವು ಬ್ಯಾಕ್ಟೀರಿಯಗಳಿಗೆ ಆಹಾರ. ಒದ್ದೆ ಕುಂಚವು ಅವಕ್ಕೆ ಮನೆ. ನಮ್ಮೆಲ್ಲರ ಚರ್ಮದ ಮೇಲೂ ಸ್ಟ್ಯಾಫಿಲೊಕಾಕಸ್ ಕುಲದ ಜೀವಿಗಳು ನೆಲೆಸಿವೆ. ಅವು ಇದ್ದಲ್ಲಿ ಇದ್ದರೆ ಕೇಡಿಲ್ಲ; ಕಣ್ಣಿಗೋ ಗೀರಿದ ಗಾಯಕ್ಕೋ ಸೇರಿದರೆ ಕೇಡು. ಇಂಗ್ಲೆಂಡಿನ ಆಸ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಬಳಸಿದ 467 ಪ್ರಸಾಧನ ವಸ್ತುಗಳನ್ನು ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯಂತೆ ಅವುಗಳಲ್ಲಿ ಬಹುಪಾಲು ಬ್ಯಾಕ್ಟೀರಿಯಗಳಿಂದ ಕೂಡಿದ್ದುವು. ಬಣ್ಣ ಹರಡುವ ಸ್ಪಂಜುಗಳಲ್ಲಿ ಶೇಕಡ 93ರಷ್ಟನ್ನು ಒಡತಿಯರು ಒಮ್ಮೆಯೂ ತೊಳೆದಿರಲಿಲ್ಲ.

ತೊಳೆಯುವುದೆಂದರೆ ನೀರಿನಲ್ಲಿ ಅದ್ದುವುದಲ್ಲ. ಬಣ್ಣದೊಡನೆ ಇರುವ ಎಣ್ಣೆ ಮೇಣಗಳನ್ನು ನೀರು ಮುಟ್ಟದು. ಸಾಬೂನಿನ ಅಣುವಿನ ಒಂದು ತುದಿ ಎಣ್ಣೆಯನ್ನೂ ಇನ್ನೊಂದು ತುದಿ ನೀರನ್ನೂ ಬಯಸುವುದರಿಂದ ಅಂಥ ಅಣುಗಳು ಎಣ್ಣೆಯ ತುಣುಕನ್ನು ಸುತ್ತುವರಿದು ನೀರಿನೊಳಕ್ಕೆ ಸೆಳೆದೊಯ್ಯುತ್ತವೆ. ತಲೆಗೆ ಹಾಕುವ ಸೌಮ್ಯ ಶಾಂಪೂ ಸಾಕು. ಕುಂಚವೂ ಕೂದಲೇ ಅಲ್ಲವೆ? ಅಂಟಾದ ಬಣ್ಣವಿದ್ದರೆ ವೇಷಧಾರಿಗಳು ಮುಖಕ್ಕೆ ಮಾಡುವಂತೆ ಮೊದಲು ಎರಡು ಹನಿ ಕೊಬ್ಬರಿಎಣ್ಣೆ ಸವರಿ, ಆಮೇಲೆ ಶಾಂಪೂ ಹಾಕಬೇಕು. ಉಗುರುಬೆಚ್ಚಗಿನ ನೀರಿನಲ್ಲಿ, ಕೂದಲಿನ ತುದಿ ಕೆಳಮುಖವಾಗಿರುವಂತೆ ಹಿಡಿದು, ಅಂಗೈಯಲ್ಲಿ ಮೆಲ್ಲನೆ ತಿರುವಿ, ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಕುದಿನೀರು ಕೂಡದು, ಕೂದಲನ್ನು ಹಿಡಿದಿರುವ ಲೋಹದ ಕೊಳವೆಯೊಳಗಿನ ಅಂಟು ಮೆತ್ತಗಾಗುತ್ತದೆ.

ಒಣಗಿಸುವಾಗ ಹೆಚ್ಚಿನವರು ಕುಂಚವನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸುತ್ತಾರೆ. ಆಗ ನೀರು ಗುರುತ್ವದಿಂದಲೂ, ಕೂದಲುಗಳ ನಡುವಿನ ಸಂದುಗಳ ಲೋಮನಾಳಾಕರ್ಷಣೆಯಿಂದಲೂ ಕೊಳವೆಯೊಳಕ್ಕೆ ಇಳಿಯುತ್ತದೆ. ಅಂಟು ಬಿಡುತ್ತದೆ, ಮರದ ಹಿಡಿ ಉಬ್ಬಿ ಬಿರಿಯುತ್ತದೆ, ಗಾಳಿಯಾಡದ ಬುಡದಲ್ಲಿ ಬೂಷ್ಟು ಬೆಳೆಯುತ್ತದೆ. ಹಿಂಡಿ, ಬೆರಳುಗಳಿಂದ ಆಕಾರಕ್ಕೆ ತಂದು, ಕೂದಲಿನ ಭಾಗವು ಮೇಜಿನ ಅಂಚಿನಿಂದ ಹೊರಗೆ ಚಾಚಿಕೊಂಡಿರುವಂತೆ ನೆರಳಿನಲ್ಲಿ ಮಲಗಿಸಿದರೆ ಸಾಮಾನ್ಯವಾಗಿ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಎರಡು ದಿನವೂ ಹಿಡಿಯಬಹುದು; ಪೂರ್ತಿ ಒಣಗದ ಕುಂಚವನ್ನು ಚೀಲಕ್ಕೆ ಸೇರಿಸಬಾರದು. ಅಮೆರಿಕದ ಚರ್ಮವೈದ್ಯರ ಅಕಾಡೆಮಿಯು 7ರಿಂದ 10 ದಿನಗಳಿಗೊಮ್ಮೆ ತೊಳೆಯಬೇಕೆಂದು ಸಲಹೆ ಕೊಟ್ಟಿದೆ.

ಮೂವತ್ತು ಮಕ್ಕಳ ಮುಂದೆ ಈ ಸಲಹೆ ಸಾಲದು. ಅಲ್ಲಿ ಕಣ್ಣಿಗೂ ತುಟಿಗೂ ಪ್ರತಿಯೊಬ್ಬರಿಗೆ ಬೇರೆಬೇರೆ ಹತ್ತಿಯ ಕಡ್ಡಿಯನ್ನು ಬಳಸಿ ಎಸೆಯುವುದೇ ಲೇಸು. ತುಟಿಯ ಬಣ್ಣವನ್ನು ಕಡ್ಡಿಯಿಂದ ಒಂದು ತಟ್ಟೆಗೆ ತೆಗೆದುಕೊಂಡು ಅಲ್ಲಿಂದ ಹಚ್ಚಬೇಕು. ಬಳಸಿದ ಕಡ್ಡಿ ಮತ್ತೆ ಡಬ್ಬಿಗಿಳಿಯಬಾರದು. ಕೆನ್ನೆಯ ಕುಂಚವನ್ನು ಒಬ್ಬರಿಂದ ಒಬ್ಬರಿಗೆ ಒಯ್ಯುವ ಮೊದಲು ಶೇಕಡ 70ರ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಚೆನ್ನಾಗಿ ನೆನೆಸಿ, ಶುಚಿಯಾದ ಬಟ್ಟೆಯಲ್ಲಿ ಒರಸಿ, ಪೂರ್ತಿ ಆರಲು ಬಿಡಬೇಕು. ಶೇಕಡ 100ರದು ಇನ್ನೂ ಒಳ್ಳೆಯದಲ್ಲವೆ ಎಂದು ಕೇಳಬಹುದು. ಬ್ಯಾಕ್ಟೀರಿಯದ ಪ್ರೋಟೀನುಗಳನ್ನು ಕೆಡಿಸಲು ಆಲ್ಕೊಹಾಲಿಗೆ ನೀರಿನ ನೆರವು ಬೇಕು; ನೀರಿಲ್ಲದ ಆಲ್ಕೊಹಾಲು ಬೇಗನೆ ಆರಿಹೋಗುತ್ತದೆ, ಕೋಶದ ಹೊರಪದರವನ್ನು ಗಟ್ಟಿಮಾಡಿ ಒಳಕ್ಕೆ ಇಳಿಯದೆ ಉಳಿಯುವುದೂ ಉಂಟು. ಈ ಶುದ್ಧಿಯು ಕೂದಲಿನ ಮೇಲೆ ಎಣ್ಣೆ ಮೆತ್ತಿರುವಾಗ ಫಲಿಸದು. ಆದುದರಿಂದ ಹಿಂದಿನ ದಿನವೇ ಕುಂಚಗಳನ್ನು ಶಾಂಪೂವಿನಲ್ಲಿ ತೊಳೆದು ಒಣಗಿಸಿಟ್ಟಿರಬೇಕು. ಕಣ್ಣು ಕೆಂಪಾಗಿರುವ ಮಗುವಿಗೆ ಅಂದು ಕಣ್ಣಿನ ಬಣ್ಣ ಬೇಡ.