ಬೆಂಗಳೂರು ನೋಡಿ ಬಂದೆವು

ನಾವು ಮೈಸೂರಿನ ಒಂಟಿಕೊಪ್ಪಲಿನ ಹೆಂಗಸರು. ಹೂ ಕಟ್ಟುವವರು, ಮನೆಗೆಲಸ ಮಾಡುವವರು, ಊದುಬತ್ತಿ ಹೊಸೆಯುವವರು ನಮ್ಮಲ್ಲಿದ್ದಾರೆ. ಒಂಟಿಕೊಪ್ಪಲ್ ಪಂಚಾಂಗದಿಂದ ನಮ್ಮ ಬಡಾವಣೆಯ ಹೆಸರು ಎಷ್ಟೋ ಮನೆಗಳಿಗೆ ಗೊತ್ತು. ಆದರೆ ಆ ಪಂಚಾಂಗದ ಮೇಲಿನ ಹೆಸರನ್ನು ಓದಲು ನಮಗೇ ಬರುತ್ತಿರಲಿಲ್ಲ. ಈಗ ಬರುತ್ತದೆ.

ಓದು ಕಲಿತ ಮೇಲೆ ಒಂದು ಆಸೆ ಹುಟ್ಟಿತು. ಒಂದು ದಿನ ಬೆಂಗಳೂರು ನೋಡಿ ಬರಬೇಕು.

"ಗಂಡಸರು ಯಾರೂ ಇಲ್ಲದೆ ಹೋಗ್ತೀರಾ? ಅಷ್ಟು ದೊಡ್ಡ ಊರಲ್ಲಿ ಕಳೆದುಹೋಗ್ತೀರಿ" ಎಂದು ಮನೆಯಲ್ಲಿ ಹೆದರಿಸಿದರು.

"ಬಾಯಿ ಐತೆ, ಕೇಳ್ತೀವಿ. ಕಣ್ಣು ಐತೆ, ಓದ್ತೀವಿ. ಬುಡ್ರಪ್ಪ" ಎಂದರು ದೊಡ್ಡಮ್ಮ. ನಮ್ಮಲ್ಲಿ ಅವರೇ ಹಿರಿಯರು.

ಹೊರಡುವ ಮೊದಲು ಒಂದು ಚೀಟಿ ಬರೆದುಕೊಂಡೆವು. ಯಾವ ಯಾವ ಜಾಗ ನೋಡಬೇಕು, ಮನೆಯ ಫೋನ್ ನಂಬರ್ ಏನು, ಯಾರು ಎಷ್ಟು ದುಡ್ಡು ಹಾಕಿದರು, ಎಲ್ಲ ಬರೆದೆವು. ಪ್ರತಿಯೊಬ್ಬರೂ ಆಧಾರ್ ಕಾರ್ಡು ಇಟ್ಟುಕೊಂಡೆವು. ಬುತ್ತಿ ಕಟ್ಟಿಕೊಂಡೆವು.

ರೈಲಿನಲ್ಲಿ

ಬೆಳಗ್ಗೆ ರೈಲು ಹತ್ತಿದೆವು. ಮೈಸೂರಿನಿಂದ ಬೆಂಗಳೂರಿಗೆ ಸುಮಾರು 140 ಕಿಲೋಮೀಟರ್. ಪ್ರತಿ ಸ್ಟೇಷನ್ನಿನಲ್ಲೂ ಹಳದಿ ಬೋರ್ಡು. ಅದರ ಮೇಲೆ ಕಪ್ಪು ಅಕ್ಷರ. ಊರಿನ ಹೆಸರು ಕನ್ನಡ, ಹಿಂದಿ, ಇಂಗ್ಲಿಷ್ ಮೂರರಲ್ಲೂ ಇತ್ತು. ನಾವು ಕನ್ನಡ ಹುಡುಕಿ ಗಟ್ಟಿಯಾಗಿ ಓದಿದೆವು.

ಶ್ರೀರಂಗಪಟ್ಟಣ ಓದುವುದು ಕಷ್ಟವಾಯಿತು. ಎರಡು ಕಡೆ ಒತ್ತು. ಪಾಂಡವಪುರ, ಮಂಡ್ಯ ಬಂದವು. ಆಮೇಲೆ ದೊಡ್ಡಮ್ಮ "ಮ... ದ್ದೂ... ರು" ಎಂದರು. "ಮದ್ದೂರು ಬಂತು ಕಣ್ರವ್ವ, ವಡೆ ತಗೊಳ್ಳಿ!" ಎಲ್ಲರೂ ನಕ್ಕೆವು. ಚನ್ನಪಟ್ಟಣ ಬಂತು. ಮರದ ಬೊಂಬೆಗಳ ಊರು. ರಾಮನಗರ ಬಂತು. ರೇಷ್ಮೆ ಗೂಡಿನ ಮಾರುಕಟ್ಟೆ ಇರುವ ಊರು. ಆ ಹೆಸರಿನಲ್ಲಿ ಒಂದೂ ಒತ್ತಿಲ್ಲ. ರೈಲು ನಿಲ್ಲುವ ಮೊದಲೇ ಓದಿಬಿಟ್ಟೆವು.

ಬೆಂಗಳೂರಿನ ಸ್ಟೇಷನ್ನಿಗೆ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರು. ಕಿತ್ತೂರು ರಾಣಿ ಚೆನ್ನಮ್ಮನ ಪರವಾಗಿ ಹೋರಾಡಿದ ವೀರ ಅವನು. 1831ರಲ್ಲಿ ಬ್ರಿಟಿಷರು ಅವನನ್ನು ಗಲ್ಲಿಗೆ ಹಾಕಿದರು.

ಮೆಜೆಸ್ಟಿಕ್‌ನಲ್ಲಿ

ಸ್ಟೇಷನ್ನಿನ ಎದುರಿಗೇ ಕೆಂಪೇಗೌಡ ಬಸ್ ನಿಲ್ದಾಣ. ಜನ ಅದನ್ನು ಮೆಜೆಸ್ಟಿಕ್ ಎನ್ನುತ್ತಾರೆ. ಕೆಂಪೇಗೌಡರು 1537ರಲ್ಲಿ ಬೆಂಗಳೂರಿನ ಕೋಟೆ ಕಟ್ಟಿಸಿದರು. ಈಗ ಇದು ಏಷ್ಯಾ ಖಂಡದ ದೊಡ್ಡ ನಗರಗಳಲ್ಲಿ ಒಂದು. 2011ರ ಜನಗಣತಿಯಲ್ಲೇ 84 ಲಕ್ಷ ಜನ ಇದ್ದರು. ಆಗ ನಮ್ಮ ಮೈಸೂರಿನಲ್ಲಿ ಇದ್ದವರು ಸುಮಾರು 9 ಲಕ್ಷ.

ಎಲ್ಲಿ ನೋಡಿದರೂ ಬಸ್ಸು, ಎಲ್ಲಿ ನೋಡಿದರೂ ಜನ. "ಲಾಲ್‌ಬಾಗ್‌ಗೆ ಯಾವ ಬಸ್ಸಪ್ಪ?" ಎಂದು ಒಬ್ಬರನ್ನು ಕೇಳಿದೆವು. "ಜಯನಗರದ ಬಸ್ಸು ಹತ್ತಿ ತಾಯಿ" ಎಂದರು.

ಅಷ್ಟರಲ್ಲಿ ಒಂದು ಬಸ್ಸು ಬಂತು. "ಜಯನಗರ, ಜಯನಗರ" ಎಂದು ಕೂಗಿದ ಹಾಗೆ ಕೇಳಿಸಿತು. ಜನ ನುಗ್ಗಿದರು. ಹೂ ಕಟ್ಟುವ ಅಕ್ಕ ಬೋರ್ಡು ನೋಡಿದರು. "ನಿಲ್ಲಿ, ನಿಲ್ಲಿ! ಮುಂದೆ ಒಂದು 'ವಿ' ಐತೆ. ಇದು ವಿಜಯನಗರ" ಎಂದರು.

ಜಯನಗರ ಒಂದು ದಿಕ್ಕು. ವಿಜಯನಗರ ಇನ್ನೊಂದು ದಿಕ್ಕು. ಒಂದೇ ಅಕ್ಷರದ ವ್ಯತ್ಯಾಸ. ನಾವು ಕಾದು ಜಯನಗರದ ಬಸ್ಸು ಹತ್ತಿದೆವು. ಲಾಲ್‌ಬಾಗ್ ಮೇಲೆ ಹೋಗುತ್ತದೆಯೇ ಎಂದು ಕಂಡಕ್ಟರನ್ನೂ ಕೇಳಿಕೊಂಡೆವು.

ಆಧಾರ್ ಕಾರ್ಡು ತೋರಿಸಿದೆವು. ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಇದು ಶಕ್ತಿ ಯೋಜನೆ. 2023ರ ಜೂನ್ 11ರಂದು ಶುರುವಾಯಿತು. ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ದುಡ್ಡಿಲ್ಲ. ರಾಜಹಂಸ, ಎ.ಸಿ. ಬಸ್ಸುಗಳಿಗೆ ಮಾತ್ರ ದುಡ್ಡು ಕೊಡಬೇಕು. ಆದ್ದರಿಂದ ಹತ್ತುವ ಮೊದಲು ಬಸ್ಸಿನ ಮೇಲಿನ ಹೆಸರು ಓದಬೇಕು. ಸೊನ್ನೆ ಟಿಕೆಟನ್ನು ಇಳಿಯುವ ತನಕ ಇಟ್ಟುಕೊಳ್ಳಬೇಕು.

ಲಾಲ್‌ಬಾಗ್

ಲಾಲ್‌ಬಾಗ್ 240 ಎಕರೆಯ ತೋಟ. ಹೈದರಾಲಿ 1760ರಲ್ಲಿ ಶುರು ಮಾಡಿದ. ಅವನ ಮಗ ಟಿಪ್ಪು ಸುಲ್ತಾನ್ ಬೇರೆ ದೇಶಗಳಿಂದ ಗಿಡ ತರಿಸಿ ಬೆಳೆಸಿದ. ಬೆಳಗ್ಗೆ ರೈಲಿನಲ್ಲಿ ನೋಡಿದ ಶ್ರೀರಂಗಪಟ್ಟಣ ಅವರ ರಾಜಧಾನಿ.

ಗಾಜಿನ ಮನೆ ನೋಡಿದೆವು. 1889ರಲ್ಲಿ ಅದಕ್ಕೆ ಅಡಿಗಲ್ಲು ಹಾಕಿದರು. ಅಲ್ಲಿ ಜನವರಿಯಲ್ಲೂ ಆಗಸ್ಟ್‌ನಲ್ಲೂ ಹೂವಿನ ಪ್ರದರ್ಶನ ನಡೆಯುತ್ತದೆ. ತೋಟದ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಬಂಡೆಯ ಮೇಲೆ ಕೆಂಪೇಗೌಡ ಗೋಪುರ ಇದೆ. ಮರಗಳಿಗೂ ಹೆಸರಿನ ಬೋರ್ಡು ಹಾಕಿದ್ದಾರೆ. ನೆರಳಲ್ಲಿ ಕೂತು ಬುತ್ತಿ ಬಿಚ್ಚಿದೆವು.

ನೆಲದೊಳಗಿನ ರೈಲು

ಅಲ್ಲಿಂದ ಮೆಟ್ರೋ ರೈಲು ಹತ್ತಿದೆವು. ಇದಕ್ಕೆ ಹೆಂಗಸರೂ ದುಡ್ಡು ಕೊಡಬೇಕು. ಟೋಕನ್ ಮುಟ್ಟಿಸಿದರೆ ಗೇಟು ತೆರೆಯುತ್ತದೆ. ರೈಲು ಮೊದಲು ರಸ್ತೆಗಿಂತ ಎತ್ತರದಲ್ಲಿ ಓಡಿತು. ಆಮೇಲೆ ನೆಲದೊಳಗೆ ಇಳಿಯಿತು. ದೊಡ್ಡಮ್ಮ ನಮ್ಮ ಕೈ ಹಿಡಿದುಕೊಂಡರು.

ಮೆಜೆಸ್ಟಿಕ್‌ನಲ್ಲಿ ರೈಲು ಬದಲಾಯಿಸಿದೆವು. ಹಸಿರು ಮಾರ್ಗದಿಂದ ನೇರಳೆ ಮಾರ್ಗಕ್ಕೆ. ಬೋರ್ಡು ನೋಡಿಕೊಂಡೇ ದಾರಿ ಹಿಡಿದೆವು. ಎರಡನೆಯ ನಿಲ್ದಾಣದಲ್ಲಿ ಇಳಿದೆವು. ಅದಕ್ಕೆ ಡಾ. ಅಂಬೇಡ್ಕರ್ ಅವರ ಹೆಸರು.

ವಿಧಾನಸೌಧ

ಮೆಟ್ಟಿಲು ಹತ್ತಿ ಹೊರಗೆ ಬಂದರೆ ವಿಧಾನಸೌಧ! ಎಲ್ಲ ಕಲ್ಲಿನ ಕಟ್ಟಡ. 1951ರಲ್ಲಿ ನೆಹರೂ ಅಡಿಗಲ್ಲು ಇಟ್ಟರು. ಕೆಂಗಲ್ ಹನುಮಂತಯ್ಯನವರು ಮುಖ್ಯಮಂತ್ರಿಯಾಗಿ ಮುಂದೆ ನಿಂತು ಕಟ್ಟಿಸಿದರು. 1956ರಲ್ಲಿ ಮುಗಿಯಿತು. ನಾವು ಓಟು ಹಾಕಿ ಕಳಿಸಿದ ಶಾಸಕರು ಇಲ್ಲೇ ಕೂತು ಕಾನೂನು ಮಾಡುತ್ತಾರೆ.

ಮುಂಭಾಗದಲ್ಲಿ ದೊಡ್ಡ ಅಕ್ಷರಗಳು ಕಂಡವು. ದೊಡ್ಡಮ್ಮ ಒಂದೊಂದಾಗಿ ಓದಿದರು: "ಸರ್ಕಾರದ ಕೆಲಸ ದೇವರ ಕೆಲಸ."

ಓದಿ ಸುಮ್ಮನೆ ನಿಂತರು. ಆಮೇಲೆ ಕೇಳಿದರು: "ನಾನು ವಿಧವಾ ವೇತನಕ್ಕೆ ಅರ್ಜಿ ಕೊಟ್ಟು ಏಳು ತಿಂಗಳಾಯ್ತು. ಅದೂ ದೇವರ ಕೆಲಸ ತಾನೆ?"

"ರಸೀದಿ ಕೊಟ್ಟಿದ್ರಾ ದೊಡ್ಡಮ್ಮ?"

"ಏನೋ ಒಂದು ಚೀಟಿ ಕೊಟ್ಟರು. ಆಗ ಓದೋಕೆ ಬರ್ತಿರಲಿಲ್ಲ. ಹೆಬ್ಬೆಟ್ಟು ಒತ್ತಿ ಬಂದೆ. ಚೀಟಿ ಡಬ್ಬದಲ್ಲೈತೆ."

ನಮ್ಮಲ್ಲಿ ಒಬ್ಬರಿಗೆ ಸಕಾಲದ ವಿಷಯ ಗೊತ್ತಿತ್ತು. ಅದು 2011ರ ಕಾನೂನು. ಯಾವ ಕೆಲಸ ಎಷ್ಟು ದಿನದಲ್ಲಿ ಆಗಬೇಕು ಎಂದು ಅದರಲ್ಲಿ ನಿಗದಿ ಮಾಡಿದ್ದಾರೆ. ಅರ್ಜಿ ಕೊಟ್ಟವರಿಗೆ ನಂಬರ್ ಇರುವ ರಸೀದಿ ಕೊಡಬೇಕು. ದಿನ ಮೀರಿದರೆ ಮೇಲಿನ ಅಧಿಕಾರಿಗೆ ಮೇಲ್ಮನವಿ ಕೊಡಬಹುದು.

"ಈ ಕಟ್ಟಡದಲ್ಲೇ ಮಾಡಿದ ಕಾನೂನಾ?" ಎಂದು ದೊಡ್ಡಮ್ಮ ಇನ್ನೊಮ್ಮೆ ತಲೆಯೆತ್ತಿ ನೋಡಿದರು.

ಸಂಜೆ ರೈಲಿಗೆ ವಾಪಸ್ ಹೊರಟೆವು. ಮಾರನೆಯ ದಿನ ದೊಡ್ಡಮ್ಮ ಡಬ್ಬ ತೆಗೆದು ಚೀಟಿ ಓದಿದರು. ಅದರಲ್ಲಿ ನಂಬರ್ ಇತ್ತು, ತಾರೀಕೂ ಇತ್ತು. ಎರಡನ್ನೂ ಸೇರಿಸಿ ತಾವೇ ಒಂದು ಮನವಿ ಬರೆದರು. ಕೆಳಗೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಮಾಡಿದರು. ವೇತನ ಇನ್ನೂ ಬಂದಿಲ್ಲ. ಮತ್ತೆ ಯಾವ ದಿನ ಹೋಗಿ ಕೇಳಬೇಕು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದಾರೆ. ಆ ದಿನ ನಾವೂ ಅವರ ಜೊತೆ ಹೋಗುತ್ತೇವೆ.

ಓದಿ: ನಿಲ್ದಾಣ, ಮಾರ್ಗ, ಬಂಡೆ, ಅರ್ಜಿ, ರಸೀದಿ, ನಿಗದಿ, ಮೇಲ್ಮನವಿ

ಉತ್ತರ ಹೇಳಿ
1. ಹೂ ಕಟ್ಟುವ ಅಕ್ಕ ಎಲ್ಲರನ್ನೂ ಯಾಕೆ ನಿಲ್ಲಿಸಿದರು?
2. ಶಕ್ತಿ ಟಿಕೆಟ್ ಯಾವ ಬಸ್ಸುಗಳಲ್ಲಿ ಸಿಗುವುದಿಲ್ಲ?
3. ಅರ್ಜಿ ಕೊಟ್ಟಾಗ ಏನನ್ನು ಕೇಳಿ ಪಡೆಯಬೇಕು?

ಲೆಕ್ಕ ಮಾಡಿ
ಲಾಲ್‌ಬಾಗ್ ಶುರುವಾದದ್ದು 1760ರಲ್ಲಿ. ಗಾಜಿನ ಮನೆಗೆ ಅಡಿಗಲ್ಲು ಹಾಕಿದ್ದು 1889ರಲ್ಲಿ. ನಡುವೆ ಎಷ್ಟು ವರ್ಷ?

ಮಾಡಿ ನೋಡಿ
ನಿಮ್ಮ ಮನೆಯ ಡಬ್ಬದಲ್ಲಿ, ಪೆಟ್ಟಿಗೆಯಲ್ಲಿ ಇರುವ ಚೀಟಿಗಳನ್ನು ತೆಗೆಯಿರಿ. ಯಾವುದು ಏನು ಎಂದು ಓದಿ. ನಂಬರ್, ತಾರೀಕು ಇದ್ದರೆ ಪುಸ್ತಕದಲ್ಲಿ ಬರೆದಿಡಿ.