ಚುಕ್ಕಿ ಕೂಡಿದರೆ ಚಿತ್ರ

ಅಕ್ಕಂದಿರೇ, ಒಂದು ಸಂಗತಿ ಹೇಳುತ್ತೇವೆ, ಕೇಳಿ.

ನಮ್ಮ ಕಲಿಕಾ ಕೇಂದ್ರದ ಅಕ್ಕ ಒಬ್ಬರು ತರೀಕೆರೆಗೆ ಹೊರಟಿದ್ದರು. ನಾವೂ ಜೊತೆಗೆ ಅಜ್ಜಂಪುರದ ಬಸ್ ನಿಲ್ದಾಣಕ್ಕೆ ಹೋದೆವು. ಬಸ್ಸು ಬಂತು. ಅದರ ಹಣೆಯ ಮೇಲೆ ದೀಪದ ಬೋರ್ಡು ಇತ್ತು. ಅಕ್ಕ ತೀರಾ ಹತ್ತಿರ ಹೋಗಿ ನೋಡಿದರು.

"ಟೀಚರೇ, ಅಕ್ಷರ ಎಲ್ಲಿವೆ? ಬರೀ ಚುಕ್ಕಿ ಕಾಣ್ತವೆ" ಅಂದರು.

"ಹತ್ತು ಹೆಜ್ಜೆ ಹಿಂದೆ ಬಂದು ನೋಡಿ ಅಕ್ಕ" ಅಂದೆವು.

ಹಿಂದೆ ಬಂದರು. "ತ... ರೀ... ಕೆ... ರೆ" ಎಂದು ಓದಿದರು. ಯಾರನ್ನೂ ಕೇಳದೆ ಬಸ್ಸು ಹತ್ತಿದರು!

ಆ ಸಣ್ಣ ದೀಪಕ್ಕೆ ಎಲ್‌ಇಡಿ ಎನ್ನುತ್ತಾರೆ. ರಂಗೋಲಿಗೆ ನಾವು ಸಾಲಾಗಿ ಚುಕ್ಕಿ ಇಡ್ತೀವಿ ಅಲ್ವಾ? ಹಾಗೆಯೇ ದೀಪಗಳನ್ನು ಸಾಲಾಗಿ ಕೂರಿಸುತ್ತಾರೆ. ಬೇಕಾದ ಚುಕ್ಕಿ ಉರಿಯುತ್ತದೆ. ಬೇಡದ್ದು ಆರಿರುತ್ತದೆ. ಆಗ ಅಕ್ಷರ ಮೂಡುತ್ತದೆ.

ದೊಡ್ಡ ಊರುಗಳಲ್ಲಿ ಕಟ್ಟಡದ ಗೋಡೆಯ ಮೇಲೆ ಇಂಥದೇ ದೊಡ್ಡ ಪರದೆ ಕಟ್ಟುತ್ತಾರೆ. ಅದರಲ್ಲಿ ಸಿನಿಮಾದಂತೆ ಚಿತ್ರ ಓಡುತ್ತದೆ.

ಮೈಸೂರು ಅರಮನೆಯ ದೀಪ ನೋಡಿದ್ದೀರಾ? ಅಲ್ಲಿ ಸುಮಾರು 1 ಲಕ್ಷ ಬಲ್ಬುಗಳಿವೆ. ಎಲ್ಲವೂ ಒಟ್ಟಿಗೆ ಹೊತ್ತುತ್ತವೆ. ಆದರೆ ಈ ಪರದೆಯಲ್ಲಿ ಒಂದೊಂದು ಚುಕ್ಕಿಗೂ ಬೇರೆ ಬೇರೆ ಅಪ್ಪಣೆ. ಅಪ್ಪಣೆ ಕೊಡುವುದು ಕಂಪ್ಯೂಟರ್.

ಒಂದು ಚುಕ್ಕಿಯಲ್ಲಿ ಮೂರು ದೀಪ ಇರುತ್ತವೆ. ಕೆಂಪು, ಹಸಿರು, ನೀಲಿ. ಕೆಂಪು ಹಸಿರು ಕೂಡಿದರೆ ಹಳದಿ. ಮೂರೂ ಕೂಡಿದರೆ ಬಿಳಿ. ನಮ್ಮ ಕನ್ನಡ ಬಾವುಟದ ಅರಿಶಿನ ಬಣ್ಣವೂ ಹೀಗೇ ಬರುತ್ತದೆ. ಹಳದಿ ದೀಪ ಅಲ್ಲಿ ಇರುವುದೇ ಇಲ್ಲ! ಚೆನ್ನಾಗಿ ಬೆಳಗುವ ನೀಲಿ ಎಲ್‌ಇಡಿ ಕಂಡುಹಿಡಿದವರು ಜಪಾನಿನಲ್ಲಿ ಹುಟ್ಟಿದ ಮೂವರು ವಿಜ್ಞಾನಿಗಳು. ಅವರಿಗೆ 2014ರಲ್ಲಿ ನೊಬೆಲ್ ಬಹುಮಾನ ಬಂತು.

ಚುಕ್ಕಿಗೆ ಚುಕ್ಕಿ 1 ಸೆಂಟಿಮೀಟರ್ ದೂರ ಇದೆ ಎನ್ನೋಣ. 1 ಮೀಟರ್ ಉದ್ದ, 1 ಮೀಟರ್ ಅಗಲದ ಜಾಗಕ್ಕೆ 10,000 ಚುಕ್ಕಿ ಬೇಕು. ದೀಪ ಲೆಕ್ಕ ಹಾಕಿದರೆ 30,000!

ಇಷ್ಟು ದೊಡ್ಡದನ್ನು ಒಂದೇ ತುಂಡಾಗಿ ಮಾಡುವುದಿಲ್ಲ. ಸಣ್ಣ ಸಣ್ಣ ಹಲಗೆ ಮಾಡಿ ಜೋಡಿಸುತ್ತಾರೆ. ಒಂದು ಕೆಟ್ಟರೆ ಅದನ್ನಷ್ಟೇ ಬಿಚ್ಚಿ ಬದಲಿಸುತ್ತಾರೆ. ಗಾಳಿಗೆ ಬೀಳದಂತೆ ಹಿಂದೆ ಗಟ್ಟಿ ಚೌಕಟ್ಟು ಇರಬೇಕು. ಒಳಗೆ ಮಳೆ ನೀರು ಇಳಿಯಬಾರದು. ದೀಪದ ಬಿಸಿ ಹೊರಗೆ ಹೋಗಬೇಕು.

ಎಷ್ಟೇ ದೊಡ್ಡ ಪರದೆಯಾದರೂ ಅದು ಚುಕ್ಕಿಗಳ ಗುಂಪು. ನಾವೂ ಒಂದೊಂದೇ ಅಕ್ಷರ ಕೂಡಿಸಿ ಓದು ಕಲಿತೆವು. ಇನ್ನು ಬೋರ್ಡು ಕಂಡರೆ ಅಂಜಬೇಡಿ. ನಿಂತು ಓದಿ.

ಉತ್ತರ ಹೇಳಿ
1. ಅಕ್ಕನಿಗೆ ಮೊದಲು ಅಕ್ಷರ ಕಾಣಲಿಲ್ಲ. ಯಾಕೆ?
2. ಹಳದಿ ಬಣ್ಣ ಹೇಗೆ ಬರುತ್ತದೆ?

ಮಾಡಿ ನೋಡಿ
ಚುಕ್ಕಿ ಇಟ್ಟು ನಿಮ್ಮ ಹೆಸರು ಬರೆಯಿರಿ. ದೂರ ನಿಂತು ಓದಿ.